ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವನ್ನು ರೂಪಿಸುವುದು ಯಾವುದು?

ಹೊನ್ನಾವರದ ಓದುಗ (ಚರ್ಚೆ ಆರಂಭಿಸಿದವರು)

ಪ್ರತಿ ವರ್ಷ ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲ್ ಅವರ ಜನ್ಮದಿನದ ನಿಮಿತ್ತ, ತಾಲೂಕು ಆಸ್ಪತ್ರೆಗಳಿಂದ ಹಿಡಿದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳವರೆಗೆ ನರ್ಸ್‌ಗಳ ತಾಳ್ಮೆ ಮತ್ತು ತ್ಯಾಗವನ್ನು ಹೊಗಳುವ ಭಾಷಣಗಳಾಗುತ್ತವೆ. ಹೊಗಳುವುದರಲ್ಲಿ ತಪ್ಪಿಲ್ಲ. ಆದರೆ ರೋಗಿಗೂ ನರ್ಸ್‌ಗೂ ನಡುವೆ ಒಳ್ಳೆಯ ಸಂಬಂಧ ಬೆಳೆದರೆ ಅದಕ್ಕೆ ನರ್ಸ್ ಅವರ ಒಳ್ಳೆಯ ಸ್ವಭಾವವೇ ಕಾರಣ, ಬೆಳೆಯದಿದ್ದರೆ ಅವರ ಸಿಡುಕುತನವೇ ಕಾರಣ ಎಂಬ ತೀರ್ಮಾನವೂ ಆ ಮಾತುಗಳಲ್ಲಿ ಸೇರಿಕೊಂಡಿರುತ್ತದೆ. ಅದು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಇಲ್ಲಿ ವಿಚಾರ ಮಾಡೋಣ ಎನಿಸಿತು.

ನಮ್ಮ ತಾಲೂಕಿನ ಹಳದೀಪುರದವರಾದ ಅರುಣಾ ಶಾನಭಾಗ ಅವರ ಪ್ರಕರಣ ನನ್ನ ಮನಸ್ಸಿನಲ್ಲಿದೆ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಲೈಂಗಿಕ ಹಲ್ಲೆ ನಡೆಸಿದ. ಕುತ್ತಿಗೆಗೆ ಸರಪಳಿ ಬಿಗಿದಿದ್ದರಿಂದ ಮೆದುಳಿಗೆ ಆಮ್ಲಜನಕ ಹೋಗದೆ, ಅವರು 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೂ, ಸುಮಾರು 42 ವರ್ಷ, ಆ ಆಸ್ಪತ್ರೆಯಲ್ಲೇ ಹಾಸಿಗೆ ಹಿಡಿದಿದ್ದರು. ಅವರೊಂದಿಗೆ ಕೆಲಸ ಮಾಡಿದ್ದವರೆಲ್ಲ ಒಬ್ಬೊಬ್ಬರಾಗಿ ನಿವೃತ್ತರಾದರು. ಘಟನೆ ನಡೆದಾಗ ಹುಟ್ಟಿಯೇ ಇರದಿದ್ದ ನರ್ಸ್‌ಗಳು ಮುಂದೆ ಅವರಿಗೆ ಉಣಿಸಿದರು, ಮೈ ಒರೆಸಿದರು. 1980ರ ದಶಕದಲ್ಲಿ ಆ ಹಾಸಿಗೆಯನ್ನು ತೆರವು ಮಾಡಿಸಲು ಮುಂಬೈ ಮಹಾನಗರ ಪಾಲಿಕೆ ಪ್ರಯತ್ನಿಸಿದಾಗ ಪ್ರತಿಭಟಿಸಿ ತಡೆದವರೂ ನರ್ಸ್‌ಗಳೇ. ಅಷ್ಟು ವರ್ಷ ಮಲಗಿದ್ದರೂ ಅವರಿಗೆ ಒಂದೇ ಒಂದು ಹಾಸಿಗೆ ಹುಣ್ಣು ಆಗಿರಲಿಲ್ಲ ಎಂದು ಆಸ್ಪತ್ರೆ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು.

ಈ ರೋಗಿಗೆ ಕೃತಜ್ಞತೆ ಹೇಳಲು ಬರುತ್ತಿರಲಿಲ್ಲ, ದೂರಲೂ ಬರುತ್ತಿರಲಿಲ್ಲ. ಹಾಗಿದ್ದರೂ ಅಲ್ಲೊಂದು ಸಂಬಂಧ ಇತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಒಬ್ಬಿಬ್ಬರ ಕರುಣೆಯಿಂದ ಅದು ನಾಲ್ಕು ದಶಕ ಉಳಿಯಲಾರದು. ಪಾಳಿಯಿಂದ ಪಾಳಿಗೆ ಕೈದಾಟಿ ಬಂದ ವಾರ್ಡಿನ ಪದ್ಧತಿಯೇ ಅದನ್ನು ಉಳಿಸಿದ್ದಿರಬೇಕು ಎಂಬುದು ನನ್ನ ಊಹೆ. ಆಸ್ಪತ್ರೆಯಲ್ಲಿ ದುಡಿದವರು, ರೋಗಿಗಳಾಗಿ ಇದ್ದವರು ದಯವಿಟ್ಟು ತಮ್ಮ ಅಭಿಪ್ರಾಯ ತಿಳಿಸಬೇಕು.

ನಿವೃತ್ತ ಶುಶ್ರೂಷಾಧಿಕಾರಿ, ಧಾರವಾಡ ಜಿಲ್ಲೆ

ಹಾಸಿಗೆ ಹುಣ್ಣಿನ ಪ್ರಸ್ತಾಪ ಬಂದದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ಕೇಳಿದ ಪ್ರಶ್ನೆಗೆ ಉತ್ತರದ ಬಹುಭಾಗ ಅದರಲ್ಲೇ ಇದೆ. ತಾನಾಗಿ ಹೊರಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಟೊಂಕದ ಕೆಳಗೆ, ಹಿಮ್ಮಡಿಯಲ್ಲಿ, ಸೊಂಟದ ಎಲುಬು ಒತ್ತುವ ಕಡೆ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು. ಹಾಸಿದ ಬಟ್ಟೆ ಒದ್ದೆಯಾಗಿದ್ದರೆ ತೆಗೆಯಬೇಕು, ಸುಕ್ಕು ಬಿದ್ದಿದ್ದರೆ ಎಳೆದು ಸರಿಮಾಡಬೇಕು. ದಪ್ಪ ಮೈಯ ಮನುಷ್ಯನನ್ನು ಒಬ್ಬರೇ ಹೊರಳಿಸಲಾಗುವುದಿಲ್ಲ. ಆಯಾ ಅಥವಾ ರೋಗಿಯ ಕಡೆಯವರು ಇನ್ನೊಂದು ಬದಿಯಲ್ಲಿ ನಿಂತು ಅಡ್ಡ ಹಾಸಿದ ಬಟ್ಟೆಯ ತುದಿ ಹಿಡಿಯಬೇಕು. ಈ ಕೆಲಸಕ್ಕೆ ಐದಾರು ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲೇ ರೋಗಿ ಮಾತನಾಡುತ್ತಾನೆ. ರಾತ್ರಿ ನಿದ್ದೆ ಬರಲಿಲ್ಲ ಎಂದೋ, ಮಗ ಬಂದಿಲ್ಲ ಎಂದೋ, ಡಾಕ್ಟರು ಬೆಳಿಗ್ಗೆ ಹೇಳಿದ್ದು ತಿಳಿಯಲಿಲ್ಲ ಎಂದೋ ಹೇಳಿಕೊಳ್ಳುತ್ತಾನೆ.

ನರ್ಸ್ ಒಬ್ಬರಿಗೆ ಬೋಧನಾ ಆಸ್ಪತ್ರೆಯಲ್ಲಿ ಮೂರು, ಇತರ ಆಸ್ಪತ್ರೆಗಳಲ್ಲಿ ಐದು ರೋಗಿಗಳು ಇರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಹೇಳುತ್ತದೆ. ನಾನು ಕೆಲಸ ಮಾಡಿದ ವಾರ್ಡುಗಳಲ್ಲಿ ರಾತ್ರಿ ಪಾಳಿಗೆ ಒಬ್ಬರೇ ಇರುತ್ತಿದ್ದುದು ಸಾಮಾನ್ಯವಾಗಿತ್ತು, ಮತ್ತು ಹಾಸಿಗೆಗಳೆಲ್ಲ ತುಂಬಿ ನೆಲದ ಮೇಲೂ ರೋಗಿಗಳು ಮಲಗಿರುತ್ತಿದ್ದರು. ಅಂಥ ಪಾಳಿಯಲ್ಲಿ ಯಾವ ಕೆಲಸ ಮೊದಲು ಬಿಟ್ಟುಹೋಗುತ್ತದೆ ಎಂದು ಗಮನಿಸಿದರೆ ಈ ಸಂಬಂಧ ಹೇಗೆ ಕೆಡುತ್ತದೆ ಎಂಬುದು ಗೊತ್ತಾಗುತ್ತದೆ. ಇಂಜೆಕ್ಷನ್ ಕೊಟ್ಟದ್ದಕ್ಕೆ, ಬಿಪಿ ನೋಡಿದ್ದಕ್ಕೆ, ಡ್ರಿಪ್ ಬದಲಿಸಿದ್ದಕ್ಕೆ ಕೇಸ್ ಶೀಟಿನಲ್ಲಿ ಜಾಗವಿದೆ. ಬರೆಯದಿದ್ದರೆ ಮರುದಿನ ಕೇಳುತ್ತಾರೆ. ರೋಗಿಯ ಪಕ್ಕ ನಿಂತು ಎರಡು ಮಾತು ಕೇಳಿಸಿಕೊಂಡದ್ದಕ್ಕೆ ಯಾವ ಕಾಲಂ ಕೂಡ ಇಲ್ಲ. ಆದ್ದರಿಂದ ಕೈ ಸಾಲದಾದಾಗ ಮೊದಲು ಮಾತು ಬಿಟ್ಟುಹೋಗುತ್ತದೆ, ಅದರ ಹಿಂದೆಯೇ ಮಗ್ಗುಲು ಬದಲಿಸುವುದೂ ತಡವಾಗುತ್ತದೆ. ರೋಗಿಗೆ ಕಾಣುವುದು ಮುಖ ಕೊಟ್ಟು ಮಾತನಾಡದ ನರ್ಸ್ ಮಾತ್ರ. ಅವರಿಗಾಗಿ ಕಾಯುತ್ತಿರುವ ಉಳಿದ ರೋಗಿಗಳು ಅವನ ಕಣ್ಣಿಗೆ ಬೀಳುವುದಿಲ್ಲ.

ಆದರೂ ಕೆಲವು ಸಂಗತಿಗಳು ನಮ್ಮ ಕೈಯಲ್ಲೇ ಇವೆ ಎಂದು ನಾನು ನಂಬಿದ್ದೇನೆ. ಮುಟ್ಟುವ ಮುಂಚೆ ಏನು ಮಾಡುತ್ತೇವೆ ಎಂದು ಹೇಳುವುದಕ್ಕೆ ಹೆಚ್ಚಿನ ಸಮಯ ಬೇಕಿಲ್ಲ. «ಅಜ್ಜಾರ, ಕೈಯಾಗಿನ ಸೂಜಿ ತೆಗೀತೀನ್ರಿ, ಒಂದೀಟು ಉರಿತೈತಿ» ಎಂದು ಹೇಳಿ ಪ್ಲಾಸ್ಟರ್ ಬಿಚ್ಚಿದರೆ ಕೈ ಸಡಿಲ ಬಿಡುತ್ತಾರೆ. ಹೇಳದೆ ಹಿಡಿದರೆ ಬಿಗಿ ಹಿಡಿಯುತ್ತಾರೆ, ನೋವೂ ಹೆಚ್ಚುತ್ತದೆ, ಮರುದಿನ ನಮ್ಮನ್ನು ಕಂಡರೇ ಹೆದರುತ್ತಾರೆ.

ತಾಯಿಯ ಜೊತೆಗಿದ್ದವರು, ಬೆಂಗಳೂರು

ಮೇಲಿನ ಅಮ್ಮನವರ ಮಾತು ಸರ್ಕಾರಿ ಆಸ್ಪತ್ರೆಯ ಮಟ್ಟಿಗೆ ಪೂರ್ತಿ ಒಪ್ಪುವಂಥದ್ದು. ಆದರೆ ನರ್ಸ್‌ಗಳ ಸಂಖ್ಯೆ ಸಾಕಷ್ಟಿದ್ದ ಕಡೆಯೂ ಸಂಬಂಧ ಬೆಳೆಯದ್ದನ್ನು ನಾನು ಕಂಡಿದ್ದೇನೆ. ಕಲಬುರಗಿ ಕಡೆಯವರಾದ ನನ್ನ ತಾಯಿಯನ್ನು ಇಲ್ಲಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಪ್ರತಿ ಪಾಳಿಗೂ ಹೊಸ ಮುಖ. ಬಂದವರು ಗಾಲಿಗಳ ಮೇಲಿನ ಕಂಪ್ಯೂಟರನ್ನು ತಳ್ಳಿಕೊಂಡು ಬಂದು, ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋವಿದೆಯೇ ಎಂದು ಕೇಳುತ್ತಿದ್ದರು. ತಾಯಿ ಸಂಕೋಚದಿಂದ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು, ಮತ್ತು ಆ ತಲೆಯಾಡಿಸುವಿಕೆಯನ್ನು ಅವರು ತಮಗೆ ತಿಳಿದಂತೆ ದಾಖಲಿಸಿಕೊಳ್ಳುತ್ತಿದ್ದರು. ಎರಡು ದಿನ ತಾಯಿಯ ಹೊಟ್ಟೆನೋವು ಯಾವ ದಾಖಲೆಯಲ್ಲೂ ಬರಲಿಲ್ಲ.

ಇದರಲ್ಲಿ ಆ ಹುಡುಗಿಯರನ್ನು ದೂರುವುದು ನನ್ನ ಉದ್ದೇಶವಲ್ಲ. ಕೇರಳದಿಂದ, ಮಣಿಪುರದಿಂದ ಬಂದು ಹಾಸ್ಟೆಲಿನಲ್ಲಿದ್ದುಕೊಂಡು ದುಡಿಯುವವರಿಗೆ ಕನ್ನಡ ಕಲಿಸುವ ಹೊಣೆಯನ್ನು ಆ ಆಸ್ಪತ್ರೆ ಹೊತ್ತುಕೊಂಡಿರಲೇ ಇಲ್ಲ. ರಾತ್ರಿ ಪಾಳಿಯ ಮಲಯಾಳಿ ನರ್ಸ್ ಒಬ್ಬರು ತಮ್ಮಷ್ಟಕ್ಕೆ ತಾವೇ ಕಲಿಯುತ್ತಿದ್ದರು. ಅವರ ಕಿಸೆಯಲ್ಲಿ ಒಂದು ಚಿಕ್ಕ ಪುಸ್ತಕವಿತ್ತು. ಊಟ ಆಯಿತೇ, ಎಲ್ಲಿ ನೋಯುತ್ತದೆ, ಮೂತ್ರಕ್ಕೆ ಹೋದಿರಾ ಎಂಬಂಥ ವಾಕ್ಯಗಳನ್ನು ಮಲಯಾಳ ಲಿಪಿಯಲ್ಲಿ ಅದರಲ್ಲಿ ಬರೆದುಕೊಂಡಿದ್ದರು. ನನ್ನ ತಾಯಿ ಅವರ ಉಚ್ಚಾರಣೆ ತಿದ್ದುತ್ತಾ ತಿದ್ದುತ್ತಾ ತಮ್ಮ ನೋವನ್ನು ಮೊದಲು ಹೇಳಿಕೊಂಡದ್ದು ಅವರ ಮುಂದೆಯೇ.

ಇನ್ನೊಂದು ಸಂಗತಿ ಹಣದ್ದು. ವಿಮೆಯ ಅನುಮೋದನೆ ತಡವಾದದ್ದಕ್ಕೆ, ಡಿಸ್ಚಾರ್ಜ್ ಸಂಜೆಗೆ ಮುಂದೆ ಹೋದದ್ದಕ್ಕೆ, ಬಿಲ್ಲಿನಲ್ಲಿ ಲೆಕ್ಕವಿಲ್ಲದಷ್ಟು ಕೈಗವಸು ಸೇರಿದ್ದಕ್ಕೆ ನಾವು ರೇಗಿದ್ದು ನರ್ಸ್‌ಗಳ ಮೇಲೆ. ಅವುಗಳಲ್ಲಿ ಒಂದೂ ಅವರ ತೀರ್ಮಾನವಾಗಿರಲಿಲ್ಲ. ತೀರ್ಮಾನ ಮಾಡಿದವರು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ, ಇವರು ಬೀಳುತ್ತಿದ್ದರು, ಅಷ್ಟೇ ವ್ಯತ್ಯಾಸ.

ನರ್ಸಿಂಗ್ ಬೋಧಕಿ, ಮಂಗಳೂರು

ಇಲ್ಲಿ ಬಂದ ಮೂರೂ ಬರಹಗಳನ್ನು ಆಸಕ್ತಿಯಿಂದ ಓದಿದೆ. ನಮ್ಮ ಶಾಸ್ತ್ರದಲ್ಲಿ ಈ ಪ್ರಶ್ನೆಯನ್ನು ಕೇಂದ್ರಕ್ಕೆ ತಂದವರಲ್ಲಿ ಅಮೆರಿಕದ ಮನೋವೈದ್ಯಕೀಯ ನರ್ಸ್ ಹಿಲ್ಡಗಾರ್ಡ್ ಪೆಪ್ಲೌ ಪ್ರಮುಖರು. ನರ್ಸ್ ಮತ್ತು ರೋಗಿಯ ನಡುವೆ ನಡೆಯುವ ವ್ಯವಹಾರವೇ ಶುಶ್ರೂಷೆಯ ತಿರುಳು ಎಂಬ ಅವರ ಸಿದ್ಧಾಂತ 1952ರಲ್ಲಿ ಪ್ರಕಟವಾಯಿತು. ವೈದ್ಯರೊಬ್ಬರು ಜೊತೆ ಲೇಖಕರಾಗದೆ ನರ್ಸ್ ಒಬ್ಬರೇ ಅಂಥ ಬರಹ ಪ್ರಕಟಿಸುವುದನ್ನು ಆ ಕಾಲ ಸುಲಭವಾಗಿ ಒಪ್ಪದ ಕಾರಣ ಅದು ಕೆಲವು ವರ್ಷ ತಡವಾಗಿತ್ತು. ಪೆಪ್ಲೌ ಅವರ ಪ್ರಕಾರ ಇಬ್ಬರೂ ಮೊದಲು ಅಪರಿಚಿತರು. ಪರಿಚಯ, ನೆಚ್ಚಿಕೆ, ನೆರವಿನ ಬಳಕೆ ಎಂಬ ಹಂತಗಳನ್ನು ದಾಟಿ, ಕೊನೆಗೆ ರೋಗಿ ನರ್ಸ್ ಅವರ ಆಸರೆಯಿಲ್ಲದೆ ನಡೆಯುವಂತಾದಾಗ ಆ ಸಂಬಂಧ ಮುಗಿಯುತ್ತದೆ, ಮುಗಿಯಲೂ ಬೇಕು. ಈ ಕೊನೆಯ ಅಂಶವನ್ನು ನನ್ನ ವಿದ್ಯಾರ್ಥಿಗಳು ಒಪ್ಪಲು ತಡಮಾಡುತ್ತಾರೆ. ರೋಗಿ ಮನೆಗೆ ಹೋದ ಮೇಲೂ ಫೋನ್ ಮಾಡುತ್ತಿದ್ದರೆ ಅದು ಪ್ರೀತಿಯ ಗುರುತೆಂದು ಅವರು ತಿಳಿಯುತ್ತಾರೆ.

ಆದರೆ ಈ ಹಂತಗಳನ್ನು ದಾಟಲು ಅದೇ ನರ್ಸ್ ಅದೇ ರೋಗಿಯ ಬಳಿಗೆ ಮತ್ತೆ ಬರಬೇಕು. ನಮ್ಮಲ್ಲಿ ಕಲಿತ ಮಕ್ಕಳು ಖಾಸಗಿ ಆಸ್ಪತ್ರೆಯಲ್ಲಿ ಒಂದೆರಡು ವರ್ಷ ದುಡಿದು, ಅನುಭವದ ಪ್ರಮಾಣಪತ್ರ ಹಿಡಿದು ಕೊಲ್ಲಿ ದೇಶಗಳಿಗೋ ಬ್ರಿಟನ್ನಿಗೋ ಐರ್ಲೆಂಡಿಗೋ ಹೊರಡುತ್ತಾರೆ. ಅವರನ್ನು ತಡೆಯುವ ಮನಸ್ಸು ನನಗಿಲ್ಲ. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ರಚನೆಯಾದ ಸಮಿತಿಯು ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ವೇತನ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತ್ತು. ಅಷ್ಟೂ ಸಿಗದ ಕಡೆ ಕೆಲಸಕ್ಕೆ ಸೇರಿದವರ ಕಥೆಗಳನ್ನು ನಾನು ಇಂದಿಗೂ ಕೇಳುತ್ತಿದ್ದೇನೆ.

ಸಂಖ್ಯೆಯ ಬಗ್ಗೆ ಧಾರವಾಡದ ಮೇಡಂ ಹೇಳಿದ್ದಕ್ಕೆ ಬಲವಾದ ಆಧಾರವಿದೆ. ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳ ಬಗ್ಗೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ 7ರಷ್ಟು, ನರ್ಸ್ ಬಳಲಿ ಬತ್ತಿಹೋಗುವ ಸಾಧ್ಯತೆ ಶೇ 23ರಷ್ಟು ಹೆಚ್ಚುವುದು ಕಂಡುಬಂತು. ಕ್ಯಾಲಿಫೋರ್ನಿಯಾ ರಾಜ್ಯ 2004ರಿಂದ ನರ್ಸ್ ಮತ್ತು ರೋಗಿಗಳ ಅನುಪಾತವನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿದೆ. ನಮ್ಮಲ್ಲಿ ಮಾನದಂಡವಿದೆ, ಮುರಿದವರನ್ನು ಕೇಳುವವರಿಲ್ಲ.

ಒಂದು ವಿಷಯದಲ್ಲಿ ಮಾತ್ರ ಮೇಡಂ ಅವರೊಂದಿಗೆ ನನ್ನ ಭಿನ್ನಾಭಿಪ್ರಾಯವಿದೆ. ಬಂದವರನ್ನೆಲ್ಲ ಅಜ್ಜ, ಅಜ್ಜಿ, ಅಮ್ಮ ಎಂದು ಕರೆಯುವುದು ಆತ್ಮೀಯತೆ ತರುತ್ತದೆ ಎಂದು ನಾವು ಭಾವಿಸುತ್ತೇವೆ. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ತಮ್ಮನ್ನು ಯಾರೂ ಹೆಸರು ಹಿಡಿದು ಮಾತನಾಡಿಸಲಿಲ್ಲ, ಆಸ್ಪತ್ರೆಗೆ ಬಂದೊಡನೆ ತಾವು ಬರೀ ಅಜ್ಜಿಯಾದೆವು ಎಂದು ನನ್ನ ವಿದ್ಯಾರ್ಥಿನಿಯ ಬಳಿ ನೊಂದುಕೊಂಡಿದ್ದರು.

ನಿವೃತ್ತ ಶುಶ್ರೂಷಾಧಿಕಾರಿ, ಧಾರವಾಡ ಜಿಲ್ಲೆ

ಬೋಧಕಿಯವರೇ, ನೀವು ಹೇಳಿದ ಆಕ್ಷೇಪ ನ್ಯಾಯವಾದದ್ದು. ನಮ್ಮ ಕಡೆಯ ಹಳ್ಳಿಯಿಂದ ಬಂದ ಹಿರಿಯರನ್ನು ಹೆಸರು ಹಿಡಿದು ಕರೆದರೆ ಅದೇ ಅಗೌರವವಾಗುತ್ತದೆ. ಯವ್ವಾ ಎಂದರೇನೇ ಅವರು ಮುಖವೆತ್ತಿ ನೋಡುವುದು. ಕೇಸ್ ಶೀಟ್ ತೆರೆಯುವಾಗಲೇ «ನಿಮ್ಮನ್ನ ಹೆಂಗ ಕರೀಬೇಕ್ರಿ» ಎಂದು ಕೇಳಿಬಿಟ್ಟರೆ ಈ ತೊಡಕು ಇರುವುದಿಲ್ಲ. ಆದರೆ ಆತ್ಮೀಯವಾಗಿ ಕರೆಯುತ್ತಲೇ ಏಕವಚನಕ್ಕೆ ಇಳಿಯುವವರನ್ನೂ ನಾನು ನೋಡಿದ್ದೇನೆ. ಹೆಚ್ಚಾಗಿ ಇದು ಬಡವರ ವಿಷಯದಲ್ಲೇ ಆಗುತ್ತದೆ. ಹರಕು ಸೀರೆಯುಟ್ಟು ಬಂದವರಿಗೆ «ಏ ಮುದುಕಿ, ಈ ಕಡೆ ಬಾ» ಎಂದವರೇ, ಕಾರಿನಲ್ಲಿ ಬಂದವರಿಗೆ ಬನ್ನಿ ಕುಳಿತುಕೊಳ್ಳಿ ಎನ್ನುತ್ತಾರೆ. ಜಾತಿ, ಬಡತನ ನೋಡಿ ಮಾತು ಬದಲಾಗುವುದಕ್ಕೆ ಸಿಬ್ಬಂದಿಯ ಕೊರತೆಯನ್ನು ಕಾರಣವಾಗಿ ಕೊಡಲು ನಾನು ಸಿದ್ಧಳಿಲ್ಲ.

ಉಪಶಾಮಕ ಆರೈಕೆಯ ನರ್ಸ್

ನಾನು ವಾಸಿಯಾಗದ ಕ್ಯಾನ್ಸರ್ ರೋಗಿಗಳ ಆರೈಕೆ ಮಾಡುವವನು. ಇಲ್ಲಿಯವರೆಗೆ ಯಾರೂ ಎತ್ತದ ಒಂದು ವಿಷಯವನ್ನು ಮುಂದಿಡಬೇಕಾಗಿದೆ: ನಮ್ಮ ನಾಡಿನಲ್ಲಿ ನರ್ಸ್ ಮತ್ತು ರೋಗಿಯ ನಡುವೆ ಮನೆಯವರು ಯಾವಾಗಲೂ ಇರುತ್ತಾರೆ. ಊಟ ತರುವುದು, ಮೈ ಒರೆಸುವುದು, ಔಷಧಿ ಅಂಗಡಿಗೆ ಓಡುವುದು ಅವರೇ. ಅವರಿಲ್ಲದೆ ನಮ್ಮ ಆಸ್ಪತ್ರೆಗಳು ಒಂದು ದಿನವೂ ನಡೆಯಲಾರವು. ಕೋವಿಡ್ ಕಾಲದಲ್ಲಿ ಅವರನ್ನು ಹೊರಗಿಟ್ಟಾಗ, ಕಣ್ಣು ಮಾತ್ರ ಕಾಣುವ ಉಡುಪಿನೊಳಗಿದ್ದ ನಾವೇ ರೋಗಿಗೆ ಊಟ ಮಾಡಿಸಿ, ಮನೆಯವರಿಗೆ ವಿಡಿಯೊ ಕರೆ ಹಿಡಿದು ತೋರಿಸಬೇಕಾಯಿತು. ಉಡುಪಿನ ಎದೆಯ ಮೇಲೆ ನಾವು ಪೆನ್ನಿನಿಂದ ನಮ್ಮ ಹೆಸರು ಬರೆದುಕೊಳ್ಳುತ್ತಿದ್ದೆವು, ಇಲ್ಲದಿದ್ದರೆ ಯಾರು ಯಾರೆಂದು ರೋಗಿಗೆ ತಿಳಿಯುತ್ತಿರಲಿಲ್ಲ.

ಮನೆಯವರು ಇರುವುದರಿಂದಲೇ ಎದುರಾಗುವ ಅತ್ಯಂತ ಕಷ್ಟದ ಸನ್ನಿವೇಶವೂ ಇದೆ. ವಾರ್ಡಿಗೆ ಸೇರಿಸಿದ ದಿನವೇ ಮಗನೋ ಅಳಿಯನೋ ನಮ್ಮನ್ನು ಕಾರಿಡಾರಿಗೆ ಕರೆದು, ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಬೇಡಿ, ಹೊಟ್ಟೆಯ ಹುಣ್ಣು ಎಂದು ಹೇಳಿದ್ದೇವೆ ಎಂದು ಕೈಮುಗಿದು ಕೇಳಿಕೊಳ್ಳುತ್ತಾರೆ. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆ ಅಪ್ಪ ನಡುರಾತ್ರಿಯಲ್ಲಿ, ಮಗ ನಿದ್ದೆ ಹೋದ ಮೇಲೆ, ಮಾರ್ಫಿನ್ ಕೊಡಲು ಹೋದ ನನ್ನ ಕೈ ಹಿಡಿದು, ನಿಜ ಹೇಳಪ್ಪಾ, ಇದು ಹುಣ್ಣಲ್ಲವಲ್ಲ ಎಂದು ಕೇಳುತ್ತಾರೆ. ರೋಗ ಇಂಥದ್ದೆಂದು ಮೊದಲು ತಿಳಿಸುವ ಹೊಣೆ ವೈದ್ಯರದು, ಅದನ್ನು ನಾನು ಮೀರಲಾರೆ. ಸುಳ್ಳು ಹೇಳಿದರೆ ನಾಳೆ ನನ್ನ ಯಾವ ಮಾತನ್ನೂ ಅವರು ನಂಬುವುದಿಲ್ಲ, ನೋವಿನ ಔಷಧಿಯನ್ನೂ ನಂಬುವುದಿಲ್ಲ.

ಇಂಥ ಹೊತ್ತಿನಲ್ಲಿ ನಾನು ಕಲಿತದ್ದು ಪಕ್ಕದಲ್ಲಿ ಕುಳಿತು, ನಿಮಗೆ ಏನನಿಸುತ್ತದೆ ಎಂದು ಮರಳಿ ಕೇಳುವುದನ್ನು. ಬಹಳ ಸಲ ಅವರಿಗೆ ಎಲ್ಲವೂ ಗೊತ್ತಿರುತ್ತದೆ. ಮಗನಿಗೆ ದುಃಖವಾಗುತ್ತದೆಂದು ಅವರೂ ಗೊತ್ತಿಲ್ಲದವರಂತೆ ಇರುತ್ತಾರೆ. ಮರುದಿನ ವೈದ್ಯರಿಗೆ ತಿಳಿಸಿ, ಮಗನನ್ನು ಕೂರಿಸಿ, ತಂದೆಯವರು ಹೀಗೆ ಕೇಳಿದರು, ಇನ್ನು ಮುಚ್ಚಿಡುವುದರಿಂದ ಅವರು ಒಂಟಿಯಾಗುತ್ತಾರೆ ಎಂದು ಹೇಳಿದಾಗ ಹೆಚ್ಚಿನವರು ಒಪ್ಪುತ್ತಾರೆ. ಬೆಂಗಳೂರಿನ ಕರುಣಾಶ್ರಯದಂಥ, ಶುಲ್ಕ ಪಡೆಯದ ಕೇಂದ್ರಗಳಲ್ಲಿ ಈ ಮಾತುಕತೆಗೆ ಅವಕಾಶವಿದೆ, ಏಕೆಂದರೆ ಅಲ್ಲಿ ನೋವು ಕಡಿಮೆ ಮಾಡುವುದು ಮತ್ತು ಮಾತು ಕೇಳುವುದೇ ಚಿಕಿತ್ಸೆಯಾಗಿದೆ. ಸಾಮಾನ್ಯ ವಾರ್ಡಿನ ನರ್ಸ್‌ಗೂ ಇದೇ ಪ್ರಶ್ನೆ ಎದುರಾಗುತ್ತದೆ, ಕುಳಿತುಕೊಳ್ಳಲು ಮಾತ್ರ ಸಮಯವಿರುವುದಿಲ್ಲ.

ಪುರುಷ ನರ್ಸ್ ಆಗಿರುವುದರಿಂದ ಇನ್ನೊಂದು ಮಾತು. ಕ್ಯಾತಿಟರ್ (ಮೂತ್ರದ ನಳಿಕೆ) ಹಾಕುವುದು, ಬಟ್ಟೆ ಬದಲಿಸುವುದು ಬಂದಾಗ ಹೆಣ್ಣುಮಕ್ಕಳ ಬಳಿಗೆ ನಾನು ಹೋಗುವುದಿಲ್ಲ. ತುರ್ತಿದ್ದರೆ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು, ಪರದೆ ಎಳೆದು, ಒಪ್ಪಿಗೆ ಕೇಳಿಯೇ ಹೋಗುತ್ತೇನೆ. ಹಲವು ವಾರ್ಡುಗಳಲ್ಲಿ ಪರದೆಯೇ ಇಲ್ಲ. ನಂಬಿಕೆಗೆ ಒಂದು ಗಜ ಬಟ್ಟೆಯೂ ಬೇಕಾಗುತ್ತದೆ ಎಂಬುದನ್ನು ಆಡಳಿತದವರು ಗಮನಿಸಬೇಕು.

ಕಾನೂನು ಓದಿದವರು

ಅರುಣಾ ಶಾನಭಾಗ ಅವರ ಪ್ರಕರಣವನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅವರ ಆಹಾರ ನಿಲ್ಲಿಸಬೇಕೆಂದು ಅರ್ಜಿ ಹಾಕಿದ್ದ ಪತ್ರಕರ್ತೆಯನ್ನು ಬಿಟ್ಟು, ಅರುಣಾ ಅವರನ್ನು ನೋಡಿಕೊಂಡ ಕೆಇಎಂ ಸಿಬ್ಬಂದಿಯನ್ನೇ ಅವರ ಪರವಾಗಿ ಮಾತನಾಡಬಲ್ಲ ಆಪ್ತರೆಂದು ಪರಿಗಣಿಸಿತು. ರಕ್ತಸಂಬಂಧವಲ್ಲದ, ಶುಶ್ರೂಷೆಯಿಂದಲೇ ಹುಟ್ಟಿದ ಸಂಬಂಧಕ್ಕೆ ನ್ಯಾಯಾಲಯ ಅಷ್ಟು ತೂಕ ಕೊಟ್ಟದ್ದು ದೊಡ್ಡ ಸಂಗತಿ. ಆದರೆ ಅರುಣಾ ಅವರಿಗೆ ಏನು ಬೇಕಾಗಿತ್ತು ಎಂಬುದನ್ನು ತಿಳಿಯುವ ದಾರಿ ಯಾರಿಗೂ ಇರಲಿಲ್ಲ, ಮತ್ತು ಆರೈಕೆ ಮಾಡುವವರ ಪ್ರೀತಿಯನ್ನು ರೋಗಿಯ ಇಚ್ಛೆಯೆಂದು ತಿಳಿಯುವ ಅಪಾಯ ಯಾವ ವಾರ್ಡಿನಲ್ಲೂ ಇದೆ. ಮುಂದೆ 2018ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ತನಗೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವ್ಯಕ್ತಿ ಮುಂಚಿತವಾಗಿ ಬರೆದಿಡುವ ವೈದ್ಯಕೀಯ ಇಚ್ಛಾಪತ್ರವನ್ನು ಮಾನ್ಯ ಮಾಡಿತು. ಅದರ ಜಾರಿಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ರೋಗಿಯ ಬಳಿ ಹೆಚ್ಚು ಹೊತ್ತು ಇರುವ ನರ್ಸ್‌ಗಳಿಗೆ ಇದರ ತರಬೇತಿ ಸಿಗಬೇಕು.

ಹೊನ್ನಾವರದ ಓದುಗ (ಚರ್ಚೆ ಆರಂಭಿಸಿದವರು)

ತಮ್ಮ ಮಾತಿನಿಂದ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ವಾರ್ಡಿನ ಪದ್ಧತಿ ಒಂದೇ ಅಲ್ಲ, ಆ ನರ್ಸ್‌ಗಳಿಗೆ ಅರುಣಾ ತಮ್ಮವರಾಗಿದ್ದರು ಎಂಬುದನ್ನೂ ಒತ್ತಿ ಹೇಳಬೇಕಿತ್ತು. ಹಲ್ಲೆ ನಡೆದಾಗ ಮುಂಬೈಯ ನರ್ಸ್‌ಗಳು ಅವರಿಗಾಗಿ ಮಾತ್ರವಲ್ಲದೆ ತಮ್ಮ ಸುರಕ್ಷತೆಗಾಗಿಯೂ ಮುಷ್ಕರ ಹೂಡಿದ್ದರು. ಹೆದರಿಕೊಂಡು ರಾತ್ರಿ ಪಾಳಿ ಮಾಡುವವರಿಂದ ರೋಗಿಗೆ ಧೈರ್ಯ ಸಿಗಲಾರದು.

ಆರೋಗ್ಯ ಉಪಕೇಂದ್ರದಲ್ಲಿ ಕೆಲಸ ಮಾಡುವವರು, ಚಿತ್ರದುರ್ಗ ಜಿಲ್ಲೆ

ಆಸ್ಪತ್ರೆಯ ಹೊರಗೂ ಈ ಸಂಬಂಧ ಇದೆ ಎಂದು ನೆನಪಿಸಲು ಬರೆಯುತ್ತಿದ್ದೇನೆ. ನಾವು ಲಸಿಕೆ ಹಾಕಿದ ಮಗು ದೊಡ್ಡದಾಗಿ, ತನ್ನ ಬಸಿರಿನ ತಪಾಸಣೆಗೆ ನಮ್ಮ ಬಳಿಗೇ ಬರುವುದುಂಟು. ಊರಿನವರಿಗೆ ನಮ್ಮ ಪರಿಚಯ ಚೆನ್ನಾಗಿ ಇರುವುದರಿಂದಲೇ ಕೆಲವು ವಿಷಯಗಳನ್ನು ಅವರು ನಮಗೆ ಹೇಳುವುದಿಲ್ಲ: ಗರ್ಭಪಾತ, ಗಂಡನ ಹೊಡೆತ, ಕ್ಷಯ. ಒಂದು ಮನೆಯ ಮಾತನ್ನು ಇನ್ನೊಂದು ಮನೆಯ ಕಟ್ಟೆಯ ಮೇಲೆ ನಾವು ಆಡುವುದಿಲ್ಲ ಎಂಬುದು ಅವರಿಗೆ ಖಾತ್ರಿಯಾಗಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ನಮ್ಮನ್ನು ವರ್ಗಾವಣೆ ಮಾಡಿದರೆ ಬಂದವರು ಅದನ್ನು ಮೊದಲಿನಿಂದ ಗಳಿಸಬೇಕು.

ತಾಯಿಯ ಜೊತೆಗಿದ್ದವರು, ಬೆಂಗಳೂರು

ಅನುಭವಸ್ಥರಿಗೆ ಒಂದು ಪ್ರಶ್ನೆ. ಅನುಪಾತ, ವೇತನ, ವರ್ಗಾವಣೆ ಇವೆಲ್ಲ ಸರ್ಕಾರ ಮತ್ತು ಆಡಳಿತ ಮಂಡಳಿಗಳ ಕೈಯಲ್ಲಿವೆ. ಜೊತೆಗಿರುವ ನಮ್ಮಂಥವರು ವಾರ್ಡಿನಲ್ಲಿ ನಿಂತು ಏನು ಕೇಳಬಹುದು?

ನರ್ಸಿಂಗ್ ಬೋಧಕಿ, ಮಂಗಳೂರು

ಪಾಳಿ ಬದಲಾಗುವಾಗ ರೋಗಿಯ ವಿವರ ಹಸ್ತಾಂತರಿಸುವುದನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ ಮುಗಿಸದೆ ಹಾಸಿಗೆಯ ಬಳಿ ಮಾಡಿ ಎಂದು ಕೇಳಿ. ಹೋಗುವವರು ಬರುವವರಿಗೆ ರೋಗಿಯ ಎದುರಿಗೇ ಪರಿಚಯ ಹೇಳಿ, ರಾತ್ರಿ ನೋವು ಹೇಗಿತ್ತು, ಯಾವ ಔಷಧಿ ಬಾಕಿಯಿದೆ, ಏನು ತಿಂದರು ಎಂದು ತಿಳಿಸುವುದಕ್ಕೆ ಹೆಚ್ಚು ಸಮಯ ಹಿಡಿಯುವುದಿಲ್ಲ, ತಪ್ಪಿದ್ದರೆ ರೋಗಿಯೇ ತಿದ್ದುತ್ತಾರೆ. ನಿಮ್ಮ ತಾಯಿಯ ಹೊಟ್ಟೆನೋವು ಎರಡು ದಿನ ದಾಖಲಾಗದೆ ಉಳಿದದ್ದು ಮೊದಲ ಹಸ್ತಾಂತರದಲ್ಲೇ ಹೊರಬೀಳುತ್ತಿತ್ತು ಎಂದು ನನಗನಿಸುತ್ತದೆ. ಭಾಷೆಯ ತೊಡಕಿದ್ದರೆ ಕನ್ನಡ ಬಲ್ಲ ಸಿಬ್ಬಂದಿ ಪ್ರತಿ ಪಾಳಿಯಲ್ಲೂ ಒಬ್ಬರಾದರೂ ಇರಬೇಕೆಂದು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಲಿಖಿತವಾಗಿ ಕೊಡಿ. ಬಾಯಿಮಾತಿಗೆ ಸಿಗದ ಉತ್ತರ ಬರೆದು ಕೊಟ್ಟ ಕಾಗದಕ್ಕೆ ಸಿಗುತ್ತದೆ. ಉಪಕೇಂದ್ರದವರು ಹೇಳಿದಂತೆ ಗುಟ್ಟಾಗಿ ಉಳಿಯಬೇಕಾದ ವಿಷಯಗಳನ್ನು, ಎಚ್‌ಐವಿ ಫಲಿತಾಂಶದಂಥವನ್ನು, ಪಕ್ಕದ ಹಾಸಿಗೆಯವರಿಗೆ ಕೇಳುವಂತೆ ಹೇಳಬಾರದು. ಅದಷ್ಟನ್ನು ಕೋಣೆಯೊಳಗೆ ಕೇಸ್ ಶೀಟ್ ನೋಡಿಯೇ ಹಸ್ತಾಂತರಿಸಲಿ.